ಕೋಲ್ಮನ್ ತೆರೆದ ಗೋಡೆ

"ನಿಲ್ಲಿ, ನಿಲ್ಲಿ! ಮುಂದಿನವರು ಒಂಚೂರು ಎತ್ತಿ," ಎಂದು ಫಿನ್‌ಬಾರ್ ಕೂಗಿದ.

ಶವಪೆಟ್ಟಿಗೆಯ ಮುಂತುದಿ ಬಾಗಿಲು ದಾಟಿ ಇಕ್ಕಟ್ಟಾದ ಹಜಾರದ ಗೋಡೆಗೆ ತಾಗಿತ್ತು. ಹಿಂತುದಿ ಇನ್ನೂ ಮುಂಗೋಣೆಯೊಳಗೇ ಇತ್ತು. ಹೊತ್ತ ಗಂಡಸರು ಕಪ್ಪು ಕೋಟುಗಳಲ್ಲಿ ಬೆವರುತ್ತ, ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರು.

"ಇದು ತಿರುಗಲ್ಲ ಮಾರಾಯ."

"ನಿನ್ನೆ ಇದೇ ಬಾಗಿಲಲ್ಲಿ ಒಳಗೆ ಬಂತಲ್ಲ?" ಎಂದ ಫಿನ್‌ಬಾರ್.

"ನಿನ್ನೆ ತಂದವರಿಗೆ ಅದೇ ಕಸುಬು. ನಿನ್ನ ಕಸುಬು ಮೀನು ಮಾರೋದು."

ಹಿಂದೆ ಎಡಗಡೆ ಹೆಗಲು ಕೊಟ್ಟಿದ್ದ ಮೊಸ್ಸಿ ಏದುಸಿರಿನ ನಡುವೆಯೇ ಹೇಳಿದ: "ಕೋಲ್ಮನ್ ಇದ್ದಿದ್ರೆ ಮೊದಲು ಬಾಗಿಲು ಅಳೀತಿದ್ದ. ಆಮೇಲೆ ಖಾಲಿ ಪೆಟ್ಟಿಗೆ ಹೊರಿಸಿ ನಮ್ಮ ಕೈಲಿ ತಾಲೀಮು ಮಾಡಿಸ್ತಿದ್ದ."

ಯಾರೋ ಕಿಸಕ್ಕನೆ ನಕ್ಕರು. ನಗು ಪೆಟ್ಟಿಗೆಗೂ ತಾಗಿ ಅದು ಸ್ವಲ್ಪ ಅಲುಗಿತು. ಫಿನ್‌ಬಾರ್ ಒಂದು ಹೆಜ್ಜೆ ಹಿಂದಿಟ್ಟ. ಅವನ ಹಿಮ್ಮಡಿ ಚಿಮಣಿ ಗೋಡೆಗೆ ಒರಗಿಸಿದ್ದ ಹಲಗೆಗೆ ಬಡಿಯಿತು. ಹಲಗೆಯ ಮುಂದಿಟ್ಟಿದ್ದ ಹೂಕುಂಡ ಉರುಳಿ ನೆಲದ ತುಂಬ ಮಣ್ಣು ಚೆಲ್ಲಿತು. ಆ ಒಂದು ಹೆಜ್ಜೆಯಿಂದಲೇ ಪೆಟ್ಟಿಗೆಗೆ ತಿರುಗಲು ಜಾಗ ಸಿಕ್ಕಿತು. ಅದು ಹಜಾರ ದಾಟಿ ಮೆಟ್ಟಿಲಿಳಿದು ಬೀದಿಗೆ ಹೋಯಿತು.

ಇಮೆಲ್ಡಾ ಪೊರಕೆ ತಂದು ಮಣ್ಣು ಗುಡಿಸತೊಡಗಿದಳು.

"ಅಮ್ಮಾ, ಬಿಡಮ್ಮ ಅದನ್ನ," ಎಂದಳು ಮಗಳು ಮೇವ್. "ಕಾರು ಕಾಯ್ತಿದೆ. ಎಲ್ಲರೂ ಕಾಯ್ತಿದ್ದಾರೆ."

"ತುಳಿದರೆ ಮನೆಯೆಲ್ಲ ಆಗತ್ತೆ."

ಗುಡಿಸಿ, ಮಣ್ಣನ್ನು ಕುಂಡಕ್ಕೆ ತುಂಬಿ, ಗಿಡ ನೆಟ್ಟಗೆ ಮಾಡಿ ಮೊದಲಿದ್ದ ಜಾಗದಲ್ಲೇ ಇಟ್ಟಳು. ಕೈ ತೊಳೆದು ಕೋಟು ಹಾಕಿಕೊಂಡಳು. ಅಳು ಬರಬಹುದು ಎಂದು ಶುಕ್ರವಾರದಿಂದ ಕಾಯುತ್ತಿದ್ದಳು. ಮೀನಿನಂಗಡಿಯ ಸಾಲಿನಲ್ಲಿ ನಿಂತಿದ್ದ ಗಂಡ ಕೋಲ್ಮನ್ ಅಲ್ಲೇ ಕುಸಿದ ಎಂದು ಅವಳ ತಮ್ಮ ಫಿನ್‌ಬಾರ್ ತನ್ನ ಅಂಗಡಿಯಿಂದಲೇ ಫೋನು ಮಾಡಿದಾಗಲೂ ಅಳು ಬಂದಿರಲಿಲ್ಲ. ಹಾಗಾದರೆ ಮೀನು ತೆಗೆದುಕೊಂಡನೋ ಇಲ್ಲವೋ ಎಂದು ಕೇಳಿದ್ದಳು. ಆ ಮಾತು ಆಡಿದ್ದು ತಾನೇ ಎಂದು ನಂಬಲು ಅವಳಿಗೆ ಈಗಲೂ ಕಷ್ಟವಾಗುತ್ತಿತ್ತು.

ಹೊರಗೆ ಕೋವ್ ಬಂದರಿನ ಗಾಳಿ ಬೆಟ್ಟದ ಬೀದಿ ಹತ್ತಿ ಬರುತ್ತಿತ್ತು. ಪಕ್ಕದ ಮನೆಯ ಪೋಲೆಂಡಿನ ದಂಪತಿ ಬಾಗಿಲಲ್ಲಿ ನಿಂತಿದ್ದರು. ಬೊಝೆನಾ ಕಪ್ಪು ಬಟ್ಟೆ ಹಾಕಿ ಹೊರಡಲು ಸಿದ್ಧಳಾಗಿದ್ದಳು. ಅವಳ ಗಂಡ ದಾರೆಕ್ ಔಷಧ ಕಾರ್ಖಾನೆಯ ರಾತ್ರಿಪಾಳಿ ಮುಗಿಸಿ ಆಗಷ್ಟೇ ಬಂದಿದ್ದ. ಮೈಮೇಲೆ ಇನ್ನೂ ಕಾರ್ಖಾನೆಯ ಜಾಕೆಟ್ ಇತ್ತು. ಪೆಟ್ಟಿಗೆ ಮುಂದೆ ಹೋದಾಗ ಅವನು ಟೋಪಿ ತೆಗೆದು ಶಿಲುಬೆಯ ಗುರುತು ಹಾಕಿಕೊಂಡ.

"ಕ್ಷಮಿಸಬೇಕು, ಇಗರ್ಜಿಗೆ ಬರೋಕೆ ಆಗಲ್ಲ," ಎಂದ. "ರಾತ್ರಿ ಮತ್ತೆ ಪಾಳಿ. ನಿಂತಲ್ಲೇ ನಿದ್ದೆ ಬರ್ತಿದೆ."

"ಹೋಗಿ ಮಲಗಪ್ಪ," ಎಂದಳು ಇಮೆಲ್ಡಾ.

*

ಆ ಮನೆ ಕೊಂಡಾಗಲೇ ಮುಂಗೋಣೆಯ ಅಗ್ಗಿಷ್ಟಿಕೆ ಮುಚ್ಚಿತ್ತು. ಹಿಂದಿನ ಯಾರೋ ಅದರ ಬಾಯಿಗೆ ಇಟ್ಟಿಗೆ ಕಟ್ಟಿ, ಗಾರೆ ಬಳಿದು, ಮೇಲೆ ಹೂಬಳ್ಳಿಯ ಕಾಗದ ಅಂಟಿಸಿದ್ದರು. ಚಿಮಣಿ ಗೋಡೆ ಮಾತ್ರ ಉಬ್ಬಿದ ಎದೆಯ ಹಾಗೆ ಕೋಣೆಯೊಳಕ್ಕೆ ಚಾಚಿ ನಿಂತಿತ್ತು. ಬೆಂಕಿಯ ಮುಂದೆ ಬೆಳೆದವಳು ಇಮೆಲ್ಡಾ. ತವರಿನಲ್ಲಿ ಬೆಳಗೆದ್ದರೆ ಬೆಂಕಿ, ಸಂಜೆಯಾದರೆ ಬೆಂಕಿ. ಇಲ್ಲಿ ಬಿಸಿನೀರಿನ ಕೊಳವೆಗಳು ಗೋಡೆಯ ಬುಡದಲ್ಲಿ ಗೊಳಗೊಳ ಎನ್ನುತ್ತಿದ್ದವು, ಅಷ್ಟೇ.

"ಈ ಚಳಿಗಾಲಕ್ಕೆ ತೆಗೆಸಿಬಿಡೋಣ," ಎಂದು ಅವಳು ಮದುವೆಯಾದ ವರ್ಷ ಹೇಳಿದಳು.

"ನೋಡೋಣ," ಎಂದ ಕೋಲ್ಮನ್.

ಅವನು ಬಂದರಿನ ಹೂಳೆತ್ತುವ ಹಡಗಿನಲ್ಲಿ ಅಡುಗೆಯವನಾಗಿದ್ದ. ಹಡಗು ದೂರ ಎಲ್ಲಿಗೂ ಹೋಗುತ್ತಿರಲಿಲ್ಲ. ಒಂದೇ ನೀರಿನಲ್ಲಿ ಹಿಂದೆ ಮುಂದೆ ಆಡುತ್ತ ತಳದ ಕೆಸರು ಮೊಗೆಯುತ್ತಿತ್ತು. ಕೋಲ್ಮನ್ ಅದರ ಪುಟ್ಟ ಅಡುಗೆಮನೆಯಲ್ಲಿ ಆಲೂಗಡ್ಡೆ ಬೇಯಿಸುತ್ತಿದ್ದ, ಹಂದಿಮಾಂಸ ಹುರಿಯುತ್ತಿದ್ದ, ಸಂಜೆ ಮನೆಗೆ ಬರುತ್ತಿದ್ದ. ಮಲಗುವ ಮುಂಚೆ ಆರಿದೆಯೇ ಎಂದು ಒಲೆಯ ಗುಬುಟು ಮುಟ್ಟಿ ನೋಡುತ್ತಿದ್ದ. ಮೆಟ್ಟಿಲು ಹತ್ತಿದ ಮೇಲೆ ಮತ್ತೆ ಇಳಿದು ಬಂದು ಮತ್ತೊಮ್ಮೆ ಮುಟ್ಟುತ್ತಿದ್ದ. ಇಮೆಲ್ಡಾ ಹಾಸಿಗೆಯಲ್ಲಿ ಮಲಗಿ ಅವನ ಹೆಜ್ಜೆ ಕೇಳುತ್ತ ಹಲ್ಲು ಕಚ್ಚುತ್ತಿದ್ದಳು.

ಪ್ರತಿ ಚಳಿಗಾಲವೂ ಅವಳು ಕೇಳಿದಳು. ಪ್ರತಿ ಚಳಿಗಾಲವೂ ಅವನು ನೋಡೋಣ ಎಂದ. ಕೊನೆಗೆ ಅವಳು ಕೇಳುವುದನ್ನೇ ಬಿಟ್ಟಳು. ನಿವೃತ್ತನಾದ ಮೇಲೆ ಕಳೆದ ಶರತ್ಕಾಲದ ಒಂದು ಬೆಳಿಗ್ಗೆ ಅವನು ಚಿಮಣಿ ಗೋಡೆಗೆ ಕಿವಿಯಿಟ್ಟು ಬೆರಳಗಂಟಿನಿಂದ ತಟ್ಟುತ್ತ ನಿಂತಿದ್ದ.

"ಏನು, ಒಳಗಿಂದ ಯಾರಾದರೂ ಮಾತಾಡ್ತಿದ್ದಾರಾ?" ಎಂದಳು.

"ಇಲ್ಲಿ ಗಟ್ಟಿ. ಇಲ್ಲಿ ಟೊಳ್ಳು," ಎಂದು ಅವನು ಪೆನ್ಸಿಲಿನಲ್ಲಿ ಗೆರೆ ಎಳೆದ. "ಹಳೇ ಬಾಯಿ ಇಷ್ಟಗಲ ಇತ್ತು. ಇದಕ್ಕಿಂತ ಒಂದು ಇಟ್ಟಿಗೆ ಜಾಸ್ತಿ ತೆಗೀಬಾರದು. ಇದರ ಮೇಲೆ ಮಾಡಿನ ತನಕ ಗೋಡೆ ಕೂತಿದೆ."

ಒಂದು ವಾರದ ಕೆಲಸ ಎಂದು ಅವಳು ಎಣಿಸಿದ್ದಳು. ಮೊದಲು ಒಬ್ಬ ಎಂಜಿನಿಯರ್ ಬಂದು ನೋಡಿದ. ಆಮೇಲೆ ಕೋಲ್ಮನ್ ಒಂದೇ ಒಂದು ಇಟ್ಟಿಗೆ ಕಿತ್ತು, ಒಳಗೆ ಟಾರ್ಚು ಬಿಟ್ಟು, ಮತ್ತೆ ಎರಡು ದಿನ ಸುಮ್ಮನೆ ಕೂತ. ಮೇಲಿನ ಕಮಾನು ಗಟ್ಟಿಯಿದೆ ಎಂದು ಎಂಜಿನಿಯರ್ ಇನ್ನೊಮ್ಮೆ ಬಂದು ಹೇಳಿದ ಮೇಲೇ ಅವನು ಉಳಿ ಹಿಡಿದದ್ದು. ಕೋಣೆಗೆಲ್ಲ ಪ್ಲಾಸ್ಟಿಕ್ ಹಾಳೆ ಕಟ್ಟಿ, ಮೂಗಿಗೆ ಮುಖವಾಡ ಹಾಕಿ, ಒಂದೊಂದೇ ಇಟ್ಟಿಗೆಯ ಗಾರೆ ಕೆರೆದು ಕೈಯಲ್ಲಿ ಎಳೆದು ಹೊರಗಿಡುತ್ತಿದ್ದ. ದೊಡ್ಡ ಸುತ್ತಿಗೆ ತಂದು ಕೊಡಲು ಫಿನ್‌ಬಾರ್ ಬಂದಾಗ ಅವನನ್ನು ಬಾಗಿಲಿಂದಲೇ ಕಳಿಸಿದ.

ಇಟ್ಟಿಗೆಯ ಹಿಂದಿನಿಂದ ಮಸಿ ಸುರಿಯಿತು. ಕಾಗೆಗೂಡಿನ ಒಣಕಡ್ಡಿಗಳು ಚೀಲಗಟ್ಟಲೆ ಬಂದವು. ಕೊನೆಗೆ ಒಂದು ಸಂಜೆ ಪ್ಲಾಸ್ಟಿಕ್ ಹಾಳೆ ತೆಗೆದಾಗ ಗೋಡೆಯಲ್ಲಿ ಕಪ್ಪನೆಯ, ಅಚ್ಚುಕಟ್ಟಾದ ಒಂದು ಬಾಯಿ ಇತ್ತು. ಕೋಲ್ಮನ್‌ನ ಮೂಗು ಬಾಯಿಯ ಸುತ್ತ ಮಾತ್ರ ಬೆಳ್ಳಗಿತ್ತು. ಅವನನ್ನು ನೋಡಿ ಇಮೆಲ್ಡಾ ನಕ್ಕಳು. ಅವನೂ ನಕ್ಕ.

*

ಇಗರ್ಜಿಯಲ್ಲಿ ಪೂಜೆ ಬೇಗ ಮುಗಿಯಿತು. ಹಿಂದಿನ ದಿನ ಫಾದರ್ ಟೈಗ್ ಮನೆಗೆ ಬಂದು, ಕೋಲ್ಮನ್ ಬಗ್ಗೆ ಏನಾದರೂ ಒಂದು ಸಣ್ಣ ಪ್ರಸಂಗ ಹೇಳಿದರೆ ಪ್ರವಚನದಲ್ಲಿ ಸೇರಿಸುತ್ತೇನೆ ಎಂದಿದ್ದರು. ಎಲ್ಲರೂ ಯೋಚಿಸಿದರು. ಮೊಸ್ಸಿ ಮಾತ್ರ ಬಾಯಿ ತೆರೆದ.

"ಅಷ್ಟು ವರ್ಷ ನಾನು ಅವನ ಜೊತೆ ಹಡಗಲ್ಲಿದ್ದೆ, ಫಾದರ್. ಅವನ ಅಡುಗೆಮನೇಲಿ ಒಬ್ಬನಿಗೂ ಸುಟ್ಟು ಒಂದು ಬೊಬ್ಬೆ ಎದ್ದಿದ್ದು ನಾನು ನೋಡಿಲ್ಲ. ಎಂಥ ಅಲೆ ಇದ್ದರೂ."

"ಏನೂ ಆಗಲಿಲ್ಲ ಅನ್ನೋದೂ ಒಂದು ಕತೆಯೇನೋ?" ಎಂದಿದ್ದ ಫಿನ್‌ಬಾರ್.

ಫಾದರ್ ಅದನ್ನು ಹೇಳಲಿಲ್ಲ. ಶಾಂತ ಮನುಷ್ಯ, ಒಳ್ಳೆಯ ಗಂಡ, ಒಳ್ಳೆಯ ತಂದೆ ಎಂದರು. ಬೇರೆ ಯಾವ ಗಂಡಸಿನ ಪೆಟ್ಟಿಗೆಯ ಮುಂದೆ ಹೇಳಿದ್ದರೂ ಆ ಮಾತು ಸಲ್ಲುತ್ತಿತ್ತು. ಮೊದಲ ಸಾಲಿನಲ್ಲಿ ಕೂತಿದ್ದ ಇಮೆಲ್ಡಾ, ಮುಂದಿನ ಮೇಣದಬತ್ತಿಯೊಂದು ಓರೆಯಾಗಿರುವುದನ್ನು ನೋಡುತ್ತಿದ್ದಳು. ಯಾರೂ ಅದನ್ನು ನೆಟ್ಟಗೆ ಮಾಡಲಿಲ್ಲ.

ಗುಡ್ಡದ ಮೇಲಿನ ಸ್ಮಶಾನದಲ್ಲಿ ಗಾಳಿ ಇನ್ನೂ ಜೋರಾಗಿತ್ತು. ಹಗ್ಗದಲ್ಲಿ ಪೆಟ್ಟಿಗೆ ಇಳಿಬಿಡುವಾಗ ಫಿನ್‌ಬಾರ್ ಅವಳ ಕಿವಿಯ ಬಳಿ ಬಾಗಿದ. "ನೀನು ನಡುಗ್ತಿದ್ದೀಯ. ನಾನು ಮುಂದೆ ಹೋಗಿ ಮನೆ ಬೆಚ್ಚಗೆ ಮಾಡಿರ್ತೀನಿ."

ಅವಳು ತಲೆಯಾಡಿಸಿದಳು. ಅವನು ಏನೆಂದ ಎಂಬುದು ಅವಳ ಒಳಕ್ಕೆ ಇಳಿಯಲೇ ಇಲ್ಲ. ಜನ ಸಾಲಾಗಿ ಬಂದು ಕೈ ಕುಲುಕಿದರು. "ನಿನ್ನ ದುಃಖಕ್ಕೆ ನಾವಿದ್ದೀವಿ ಇಮೆಲ್ಡಾ." "ನಿನ್ನ ದುಃಖಕ್ಕೆ ನಾವಿದ್ದೀವಿ." ಅವಳು ಪ್ರತಿಯೊಬ್ಬರಿಗೂ ಬಂದಿದ್ದಕ್ಕೆ ಥ್ಯಾಂಕ್ಸ್ ಎನ್ನುತ್ತಿದ್ದಳು. ಸಾಲಿನ ಕೊನೆಯಲ್ಲಿ ಬಂದ ಬೊಝೆನಾ ಅವಳನ್ನು ಅಪ್ಪಿಕೊಂಡಳು. ಆ ಅಪ್ಪುಗೆಯೂ ಕೋಟಿನ ಹೊರಗೇ ಉಳಿಯಿತು.

*

ಬಾಯಿ ತೆರೆದ ಮೇಲೆ ಬೆಂಕಿ ಹಾಕುವುದೊಂದೇ ಬಾಕಿ ಎಂದುಕೊಂಡಿದ್ದಳು ಇಮೆಲ್ಡಾ. ಕಟ್ಟಿಗೆಯನ್ನೂ ತರಿಸಿದ್ದಳು. ಆದರೆ ಕೋಲ್ಮನ್ ಚಿಮಣಿ ಗುಡಿಸುವವನನ್ನು ಕರೆಸಿ ಹೊಗೆ ಪರೀಕ್ಷೆ ಮಾಡಿಸಿದ. ಅವನು ಒಂದು ಹೊಗೆಗುಳಿಗೆ ಹೊತ್ತಿಸಿ ಅಗ್ಗಿಷ್ಟಿಕೆಯಲ್ಲಿಟ್ಟು ಬಾಯಿ ಮುಚ್ಚಿದ. ಮಾಡಿನ ಮೇಲೆ ಹತ್ತಿದ್ದ ಅವನ ಜೊತೆಗಾರ ಮೇಲ್ತುದಿಯನ್ನೂ ಮುಚ್ಚಿದ. ಎಲ್ಲರೂ ಮನೆಯ ಕೋಣೆ ಕೋಣೆ ತಿರುಗಿ ನೋಡಿದರು. ಎಲ್ಲೂ ಹೊಗೆಯಿರಲಿಲ್ಲ.

ಆಗ ಬೊಝೆನಾ ಬಾಗಿಲು ಬಡಿದಳು. "ನಿಮ್ಮ ಮನೇಲಿ ಬೆಂಕಿ ಬಿತ್ತಾ? ನಮ್ಮ ಮಲಗೋ ಕೋಣೆ ತುಂಬ ಹೊಗೆ!"

ಎರಡು ಮನೆಗಳ ನಡುವಿನ ಗೋಡೆಯಲ್ಲಿ ಹೊಗೆಗೂಡುಗಳು ಒಂದಕ್ಕೊಂದು ಅಂಟಿಕೊಂಡು ಮೇಲಕ್ಕೆ ಹೋಗುತ್ತಿದ್ದವು. ನಡುವಿನ ತೆಳು ಇಟ್ಟಿಗೆ ಎಂದೋ ಉದುರಿತ್ತು. ಇವರ ಹೊಗೆ ಅರ್ಧಕ್ಕೆ ಹತ್ತಿ, ಪಕ್ಕದ ಗೂಡಿಗೆ ಹೊರಳಿ, ದಾರೆಕ್ ಹಗಲು ಮಲಗುವ ಹಾಸಿಗೆಯ ತಲೆದೆಸೆಯಲ್ಲಿ ಹೊರಬರುತ್ತಿತ್ತು.

"ಮೇಲಿನಿಂದ ಕೆಳಗಿನ ತನಕ ಉಕ್ಕಿನ ಕೊಳವೆ ಇಳಿಬಿಡಬೇಕು," ಎಂದ ಗುಡಿಸುವವನು. "ಅಲ್ಲೀತನಕ ಒಂದು ಕಡ್ಡಿ ಹಚ್ಚಬೇಡಿ. ಹೊಗೆ ಆದ್ರೂ ಕಣ್ಣಿಗೆ ಕಾಣತ್ತೆ. ಕೆಂಡ ಆದ ಮೇಲೆ ಬರೋ ವಿಷಗಾಳಿ ಕಾಣೋದೂ ಇಲ್ಲ, ನಾತಾನೂ ಇಲ್ಲ."

ಕೊಳವೆ ಹಾಕುವವರು ಮಾಡು ಹತ್ತಬೇಕಾದರೆ ಬಿರುಗಾಳಿ ಇಳಿಯಬೇಕಿತ್ತು. ಕೋಲ್ಮನ್ ಹಳೆಯ ಕಂಬಳಿಯೊಂದನ್ನು ಚೀಲದಲ್ಲಿ ಸುತ್ತಿ ಹೊಗೆಗೂಡಿನ ಗಂಟಲಿಗೆ ತುರುಕಿದ. ಬಾಯಿಗೆ ಹಲಗೆ ನಿಲ್ಲಿಸಿ, ಯಾರೂ ಸರಿಸದಿರಲಿ ಎಂದು ಮುಂದೆ ಹೂಕುಂಡ ಇಟ್ಟ. ಆಮೇಲೆ ಪೇಟೆಗೆ ಹೋಗಿ ವಿಷಗಾಳಿಗೆ ಕೂಗುವ ಅಲಾರಂ ಒಂದನ್ನು ತಂದು, ಪಕ್ಕದ ಮನೆಯ ಆ ಕೋಣೆಯ ಗೋಡೆಗೆ ತಾನೇ ಮೊಳೆ ಹೊಡೆದು ತೂಗುಹಾಕಿ ಬಂದ.

"ಬೆಂಕೀನೇ ಹಾಕಲ್ಲ ಅಂದಮೇಲೆ ಅಲಾರಂ ಯಾಕೆ?" ಎಂದು ಇಮೆಲ್ಡಾ ಕೇಳಿದಳು.

"ಇರಲಿ ಅಂತ."

ಜನವರಿ ಹೋಯಿತು. ಗಾಳಿ ಇಳಿಯಲಿಲ್ಲ. ಕಳೆದ ಗುರುವಾರ ಸಂಜೆ ಇಮೆಲ್ಡಾ ಎರಡು ಸ್ವೆಟರ್ ಹಾಕಿಕೊಂಡು ಆ ಹಲಗೆಯ ಮುಂದೆ ಕೂತಿದ್ದಳು. ಇದ್ದಕ್ಕಿದ್ದಂತೆ ಅವಳಿಗೆ ಸಿಟ್ಟು ಬಂತು.

"ಒಂದು ಬೆಂಕಿ ಕೇಳಿದೆ ನಿನ್ನ ಹತ್ತಿರ. ಅರಮನೆ ಕೇಳಲಿಲ್ಲ. ಗೋಡೆಗೊಂದು ತೂತು ಮಾಡಿ, ಅದನ್ನೂ ಮುಚ್ಚಿಟ್ಟಿದ್ದೀಯ. ನಿನಗೆ ಬದುಕೋಕೇ ಭಯ, ಕೋಲ್ಮನ್."



"ಇರಬಹುದು," ಎಂದ ಅವನು. ಎದ್ದು ಹೋಗಿ ಚಹಾಕ್ಕೆ ನೀರಿಟ್ಟ. ಮರುದಿನ ಅವಳು ಏಳುವ ಮೊದಲೇ ಮೀನು ತರಲು ಹೊರಟುಹೋಗಿದ್ದ.

*

ಸ್ಮಶಾನದಿಂದ ಬಂದ ಜನ ಮನೆ ತುಂಬಿದರು. ಇಮೆಲ್ಡಾ ನೇರ ಅಡುಗೆಮನೆಗೆ ಹೋದಳು. ಅಲ್ಲಿ ಮಾಡಲು ಕೆಲಸವಿತ್ತು. ಮೇವ್ ಬೇಡವೆಂದರೂ ಕೇಳದೆ ಹ್ಯಾಮ್ ಸ್ಯಾಂಡ್‌ವಿಚ್‌ಗಳನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿ ತಟ್ಟೆಯಲ್ಲಿ ಜೋಡಿಸಿದಳು. ಮುಂಗೋಣೆಯಿಂದ ಮಾತು, ನಗು, ಗ್ಲಾಸುಗಳ ಸದ್ದು ಬರುತ್ತಿತ್ತು. ಮೊಸ್ಸಿ ಯಾವುದೋ ಕತೆ ಹೇಳುತ್ತಿದ್ದ.

"...ಮೊಟ್ಟೆ ಒಡೆಯೋ ಮುಂಚೆ ಪ್ರತಿಯೊಂದನ್ನೂ ನೀರಲ್ಲಿ ಮುಳುಗಿಸಿ ನೋಡ್ತಿದ್ದ. ಕ್ಯಾಪ್ಟನ್ ಕೇಳಿದ, ಏನೋ ಕೋಲ್ಮನ್, ಇವಕ್ಕೂ ಈಜು ಕಲಿಸ್ತಿದ್ದೀಯಾ ಅಂತ..."

ನಗು ಎದ್ದಿತು. ಇಮೆಲ್ಡಾ ತಟ್ಟೆ ಹಿಡಿದು ಮುಂಗೋಣೆಗೆ ಬಂದಳು.

ಬಾಗಿಲಲ್ಲೇ ಅವಳ ಮುಖಕ್ಕೆ ಬಿಸಿ ತಾಗಿತು.

ಹಲಗೆ ಕಿಟಕಿಯ ಕೆಳಗೆ ಒರಗಿತ್ತು. ಗೋಡೆಯ ಬಾಯಿಯೊಳಗೆ ಕೆಂಪು ಕೆಂಡಗಳ ರಾಶಿ ನಿಗಿನಿಗಿ ಹೊಳೆಯುತ್ತಿತ್ತು. ಅದರ ಮೇಲೆ ಹೊಸದಾಗಿ ಇಟ್ಟ ಕಟ್ಟಿಗೆ ನೀಲಿ ನಾಲಿಗೆ ಚಾಚಿ ಹೊತ್ತಿಕೊಳ್ಳುತ್ತಿತ್ತು. ಜನ ಅರ್ಧಚಂದ್ರವಾಗಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಎಲ್ಲರ ಕೆನ್ನೆಯೂ ಕೆಂಪಾಗಿತ್ತು. ಬೊಝೆನಾ ಬೆಂಕಿಗೆ ಅತಿ ಹತ್ತಿರ, ಬೂಟು ಕಳಚಿ, ಕೈಯಲ್ಲಿ ಚಹಾ ಹಿಡಿದು ಕೂತಿದ್ದಳು.

"ಬಾ, ಬಾ, ಇಲ್ಲಿ ಕೂತ್ಕೋ," ಎಂದು ಫಿನ್‌ಬಾರ್ ಎದ್ದು ಜಾಗ ಕೊಟ್ಟ. ಅವನ ಮುಖ ಹಿಗ್ಗಿನಿಂದ ಅರಳಿತ್ತು. "ಏನೋ ಕಂಬಳಿ ತುರುಕಿಟ್ಟಿದ್ದ ಪುಣ್ಯಾತ್ಮ, ಚಳಿಗಾಳಿ ಬರಬಾರದು ಅಂತ ಇರಬೇಕು. ಎಳೆದು ಬಿಸಾಕಿದೆ. ಹೇಗೆ ಎಳೀತಿದೆ ನೋಡು ಹೊಗೇನ! ಕೋಲ್ಮನ್ ನೋಡಿದ್ರೆ ಖುಷಿ ಪಡ್ತಿದ್ದ."

ಇಮೆಲ್ಡಾ ನಿಂತಳು. ಬಿಸಿ ಕಾಲ್ಚೀಲ ದಾಟಿ ಮೊಣಕಾಲಿನ ತನಕ ಏರಿತು. ಎಷ್ಟೋ ವರ್ಷ ಕೇಳಿದ ಬೆಂಕಿ ಅಲ್ಲಿತ್ತು. ಚೆನ್ನಾಗಿತ್ತು. ಇಡೀ ದಿನದಲ್ಲಿ ಅವಳ ಮೈಗೆ ತಾಕಿದ ಮೊದಲ ಸಂಗತಿ ಅದು. ಅವಳು ತಟ್ಟೆಯನ್ನು ಕೆಳಗಿಡಲಿಲ್ಲ, ಕೂರಲಿಲ್ಲ, ಏನನ್ನೂ ನೆನೆಯಲಿಲ್ಲ.

"ಯಾರದು ಫೋನು?" ಎಂದು ಯಾರೋ ಕೇಳಿದರು.

"ನಂದಲ್ಲ."

"ಕಸದ ಲಾರಿ ಇರಬೇಕು, ರಿವರ್ಸ್ ತಗೋತಿದೆ."

ಕೀಂ ಕೀಂ ಕೀಂ ಕೀಂ ಎಂದು ಕೂಗಿ, ಒಂದು ಕ್ಷಣ ನಿಂತು, ಮತ್ತೆ ಕೀಂ ಕೀಂ ಎನ್ನುತ್ತಿತ್ತು ಅದು. ಸಣ್ಣಗೆ, ದೂರದಿಂದ, ಗೋಡೆಯ ಆಚೆಯಿಂದ. ಅಡುಗೆಮನೆಯಲ್ಲಿದ್ದಾಗಲೂ ಆ ಸದ್ದು ತನ್ನ ಕಿವಿಯಲ್ಲಿ ಇತ್ತು ಎಂದು ಇಮೆಲ್ಡಾಳಿಗೆ ಈಗ ಅನಿಸಿತು.

"ಬೊಝೆನಾ, ದಾರೆಕ್ ಎಲ್ಲಿ?"

"ಮಲಗಿದ್ದಾನೆ. ಕಿವಿಗೆ ಹತ್ತಿ ಇಟ್ಟು ಮಲಗ್ತಾನೆ, ಇಲ್ಲಾಂದ್ರೆ ಹಗಲು..."

 ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಬೊಝೆನಾಳ ಕೈಯ ಚಹಾದ ಕಪ್ಪು ನೆಲಕ್ಕೆ ಬಿತ್ತು.

"ನೀರು ಹಾಕಬೇಡಿ," ಎಂದಳು ಇಮೆಲ್ಡಾ. ಧ್ವನಿ ಏರಿರಲಿಲ್ಲ. "ಮೊಸ್ಸಿ, ಕೆಂಡ ಎಲ್ಲ ಕಬ್ಬಿಣದ ಬಕೆಟ್‌ಗೆ ತುಂಬಿ ಹಿತ್ತಲಿಗೆ ಒಯ್ಯಿ. ಒಂದೂ ಬಿಡಬೇಡ. ಮೇವ್, ಕಿಟಕಿ ಬಾಗಿಲು ಎಲ್ಲ ತೆಗಿ, ಆಂಬುಲೆನ್ಸಿಗೆ ಫೋನು ಮಾಡು. ಫಿನ್‌ಬಾರ್, ನನ್ನ ಜೊತೆ ಬಾ."

"ನಾನು... ಇಮೆಲ್ಡಾ, ನನಗೆ ಗೊತ್ತಿರಲಿಲ್ಲ..."

"ಬಾ ಅಂದೆ."

ಬೊಝೆನಾ ಬರಿಗಾಲಲ್ಲಿ ಮುಂದೆ ಓಡಿದ್ದಳು. ಪಕ್ಕದ ಮನೆಯ ಮೆಟ್ಟಿಲು ಹತ್ತುತ್ತಿದ್ದಂತೆ ಅಲಾರಂ ತಲೆ ಒಡೆಯುವಷ್ಟು ಜೋರಾಯಿತು. ಕೋಣೆಯಲ್ಲಿ ಪರದೆ ಎಳೆದಿತ್ತು. ತೆಳ್ಳನೆಯ ಮಬ್ಬೊಂದು ಚಾವಣಿಗೆ ಹಬ್ಬಿತ್ತು. ದಾರೆಕ್ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಬೊಝೆನಾ ಅವನ ಹೆಸರು ಹಿಡಿದು ಕಿರುಚಿ, ಕೆನ್ನೆಗೆ ಹೊಡೆದಳು. ಅವನ ತಲೆ ಅತ್ತ ವಾಲಿತು.

"ಮೊದಲು ಹೊರಗೆ," ಎಂದಳು ಇಮೆಲ್ಡಾ. "ಎಬ್ಬಿಸೋದು ಆಮೇಲೆ."

ಫಿನ್‌ಬಾರ್ ಕಂಕುಳಿಗೆ ಕೈಹಾಕಿದ, ಹೆಂಗಸರಿಬ್ಬರೂ ಒಂದೊಂದು ಕಾಲು ಹಿಡಿದರು. ಮೆಟ್ಟಿಲ ತಿರುವಿನಲ್ಲಿ ದಾರೆಕ್‌ನ ಭುಜ ಗೋಡೆಗೆ ಬಡಿಯಿತು. ಬೆಳಿಗ್ಗೆ ಹೊತ್ತದ್ದಕ್ಕಿಂತ ಈ ಭಾರ ಹೆಚ್ಚೋ ಏನೋ, ಫಿನ್‌ಬಾರ್ ಬಿಕ್ಕಿ ಬಿಕ್ಕಿ ಅಳುತ್ತಲೇ ಇಳಿಯುತ್ತಿದ್ದ. ಬೀದಿಯ ಗಾಳಿ ಮುಖಕ್ಕೆ ಹೊಡೆದಾಗ ದಾರೆಕ್ ಒಮ್ಮೆ ಕೆಮ್ಮಿದ. ಪಕ್ಕಕ್ಕೆ ಹೊರಳಿ ವಾಂತಿ ಮಾಡಿಕೊಂಡ. ಬೊಝೆನಾ ಅವನ ತಲೆಯನ್ನು ಮಡಿಲಿಗೆ ಎಳೆದುಕೊಂಡು ತನ್ನ ಭಾಷೆಯಲ್ಲಿ ಅವನನ್ನು ಬೈಯತೊಡಗಿದಳು.

ಆಂಬುಲೆನ್ಸ್ ಬರುವ ಹೊತ್ತಿಗೆ ಅವನು ಎದ್ದು ಕೂತಿದ್ದ. ಎರಡೂ ಮನೆಗಳ ಕಿಟಕಿಗಳೆಲ್ಲ ತೆರೆದು ಪರದೆಗಳು ಹೊರಕ್ಕೆ ಹಾರುತ್ತಿದ್ದವು. ಕಪ್ಪು ಬಟ್ಟೆಯ ಜನ ಎಲ್ಲಿ ನಿಲ್ಲಬೇಕೆಂದು ತಿಳಿಯದೆ, ಕೆಲವರು ಚಹಾದ ಕಪ್ಪು ಹಿಡಿದೇ, ಬೀದಿಯ ಇಳಿಜಾರಿನಲ್ಲಿ ನಿಂತಿದ್ದರು. ಆಂಬುಲೆನ್ಸಿನ ಹೆಂಗಸು ದಾರೆಕ್‌ನ ಮುಖಕ್ಕೆ ಆಮ್ಲಜನಕದ ಮುಖವಾಡ ಕಟ್ಟಿ, ಅವನ ಕಣ್ಣು ಬಿಡಿಸಿ ನೋಡಿದಳು.

"ಉಳ್ಕೊಂಡ್ರಿ," ಎಂದಳು. "ಆಸ್ಪತ್ರೆಗೆ ಹೋಗೋಣ, ರಕ್ತ ನೋಡಬೇಕು. ಇನ್ನೊಂದು ಗಂಟೆ ಹಾಗೇ ಮಲಗಿದ್ದಿದ್ರೆ..." ಸುತ್ತ ಕಪ್ಪು ಬಟ್ಟೆ ನೋಡಿ ಮಾತು ನುಂಗಿದಳು. "ಅಲಾರಂ ಹಾಕಿದ್ದು ಒಳ್ಳೇದಾಯ್ತು. ಯಾರು ಹಾಕಿದ್ದು?"

 ಮೊಸ್ಸಿ ಮಸಿಯಾದ ಕೈಗಳನ್ನು ನೋಡಿಕೊಂಡ.

ದಾರೆಕ್‌ನ ಹಲ್ಲು ಕಟಕಟ ಎನ್ನುತ್ತಿತ್ತು. ಮೇವ್ ಒಳಗೆ ಓಡಿ ಬಾಗಿಲ ಹಿಂದಿನ ಗೂಟಕ್ಕೆ ಕೈಹಾಕಿ, ಸಿಕ್ಕಿದ ಕೋಟನ್ನು ತಂದು ಅವನ ಹೆಗಲಿಗೆ ಹೊದಿಸಿದಳು. ದಪ್ಪ ಉಣ್ಣೆಯ ಕಡುನೀಲಿ ಕೋಟು. ಹೊದಿಸಿದ ಮೇಲೆ ಅದು ಅಪ್ಪನದೆಂದು ಗೊತ್ತಾಗಿ ಅವಳು ತಾಯಿಯ ಕಡೆ ತಿರುಗಿದಳು.

ಇಮೆಲ್ಡಾ ರಸ್ತೆಯ ಮೇಲೆ ಮಂಡಿಯೂರಿ ಕೂತಳು. ದಾರೆಕ್‌ನ ತೋಳುಗಳನ್ನು ಒಂದೊಂದಾಗಿ ಕೋಟಿನ ತೋಳಿಗೆ ತೂರಿಸಿದಳು. ಎರಡು ಅಂಚುಗಳನ್ನೂ ಜೋಡಿಸಿ ಹಿಡಿದು, ಕೆಳಗಿನಿಂದ ಗುಂಡಿ ಹಾಕುತ್ತ ಬಂದಳು. ನಡುವಿನ ಒಂದು ಗುಂಡಿ ಇರಲಿಲ್ಲ. ಅಲ್ಲಿ ನೀಲಿ ದಾರದ ತುದಿಯಷ್ಟೇ ಇತ್ತು. ಅದನ್ನು ದಾಟಿ ಮೇಲಿನದನ್ನು ಹಾಕಿದಳು. ಕೊನೆಯ ಗುಂಡಿ ಗಂಟಲಿನ ಹತ್ತಿರದ್ದು. ಅದನ್ನೂ ಹಾಕಿ, ಕಾಲರನ್ನು ಮೇಲಕ್ಕೆ ಮಾಡಿ, ಎರಡೂ ಕೈಯಲ್ಲಿ ಅವನ ಕೊರಳಿಗೆ ಒತ್ತಿ ಹಿಡಿದಳು.

"ಹೊರಡೋಣ್ವಾ?" ಎಂದಳು ಆಂಬುಲೆನ್ಸಿನ ಹೆಂಗಸು.

ದಾರೆಕ್ ಏಳಲು ನೋಡಿದ. ಕಾಲರು ಅವನನ್ನು ಬಿಡಲಿಲ್ಲ.

"ಅಮ್ಮಾ," ಎಂದಳು ಮೇವ್ ಮೆಲ್ಲಗೆ. "ಅಮ್ಮಾ, ಕೈ ಬಿಡು."

ಇಮೆಲ್ಡಾಳ ಬೆರಳುಗಳು ಉಣ್ಣೆಯೊಳಗೆ ಇನ್ನೂ ಬಿಗಿದವು. ಆಂಬುಲೆನ್ಸಿನ ಹೆಂಗಸು ಬಾಗಿಲು ತೆರೆದಿಟ್ಟುಕೊಂಡು ಕಾದಳು. ದಾರೆಕ್ ಎದ್ದೇಳುವ ಯತ್ನ ಬಿಟ್ಟು, ಮುಖವಾಡದೊಳಗೆ ಉಸಿರಾಡುತ್ತ ಮತ್ತೆ ರಸ್ತೆಯ ಮೇಲೆ ಕೂತುಕೊಂಡ.